ಚಿಂದಿ ಮೂಟೆಯನ್ನೂ ತೂಗಬೇಕು

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನನ್ನ ಕೆಲಸ. ಕೈಯಲ್ಲಿ ಸ್ಟಾಪ್‌ವಾಚ್, ಎದುರಿಗೆ ಹೊಲಿಗೆ ಲೈನ್. ಒಂದು ಶರ್ಟ್‌ಗೆ ಎಸ್‌ಎಎಂ, ಅಂದರೆ ಹೊಲಿಯಲು ನಿಗದಿ ಮಾಡಿದ ಸಮಯ, 20 ನಿಮಿಷ ಅಂತಿಟ್ಟುಕೊಳ್ಳಿ. ಲೈನಿನಲ್ಲಿ 40 ಜನ, ತಲಾ 480 ನಿಮಿಷ. ಸಂಜೆಗೆ 576 ಶರ್ಟ್ ಇಳಿದರೆ ಎಫಿಶಿಯೆನ್ಸಿ 60%. ಬೋರ್ಡಿನ ಮೇಲೆ ದಿನಾ ಬರೆಯುವುದು ಈ ಅಂಕಿಯನ್ನೇ. ಇದು ನಿಮಿಷದ ಲೆಕ್ಕ. ಬಟ್ಟೆ ಎಷ್ಟು ಹೋಯಿತು ಅಂತ ಇದರಿಂದ ಗೊತ್ತಾಗುವುದಿಲ್ಲ.

ಅದನ್ನು ಕಟಿಂಗ್‌ನವರು ಹೇಳಬೇಕು. ಮಾರ್ಕರ್ ಅಂದರೆ ಬಟ್ಟೆಯ ಮೇಲೆ ಶರ್ಟಿನ ಭಾಗಗಳನ್ನು ಹೊಂದಿಸಿದ ನಕ್ಷೆ. ಅದರ ಎಫಿಶಿಯೆನ್ಸಿ 85% ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಕಾಲರ್, ತೋಳು, ಬೆನ್ನು ಎಲ್ಲ ಜೋಡಿಸಿದ ಮೇಲೆ ನಡುವೆ ಉಳಿಯುವ ಸಂದಿ 15%. ವೇಸ್ಟ್ ಅಷ್ಟೇ ಅಂತ ನಾನೂ ಬಹಳ ದಿನ ನಂಬಿದ್ದೆ. ಒಮ್ಮೆ ಒಂದು ಆರ್ಡರಿಗೆ ಬಂದ ರೋಲ್‌ಗಳನ್ನೆಲ್ಲ ತೂಗಿಸಿದೆ. ಹೊರಟ ಶರ್ಟ್‌ಗಳನ್ನೂ ತೂಗಿಸಿ, ಗುಂಡಿ, ದಾರದ ತೂಕ ಕಳೆದೆ. 100 ಕೆಜಿಯಲ್ಲಿ ಶರ್ಟ್ ಆಗಿ ಹೋಗಿದ್ದು 78 ಕೆಜಿ! ಕತ್ತರಿಸಲು ಬಟ್ಟೆಯನ್ನು ಪದರ ಪದರವಾಗಿ (ಲೇ) ಹಾಸುವಾಗ ಎರಡೂ ತುದಿಗೆ ಬಿಡುವ ಬಟ್ಟೆ, ರೋಲಿನ ಕೊನೆಯ ತುಂಡು, ಶೇಡ್ ಬೇರೆಯಾಯಿತೆಂದು ಬದಲಾಯಿಸಿದ ಪ್ಯಾನೆಲ್, ಆಲ್ಟರ್ ಮಾಡಿದರೂ ಪಾಸಾಗದ ಪೀಸ್. ಮಾರ್ಕರಿನ ಅಂಕಿಗೆ ಇದ್ಯಾವುದೂ ಸೇರಿರಲಿಲ್ಲ.

ಈಗ ಬಯರ್‌ಗಳು ಸರ್ಕ್ಯುಲಾರಿಟಿ ಎಷ್ಟು, ಅಂದರೆ ವೇಸ್ಟ್‌ನಲ್ಲಿ ಎಷ್ಟು ಮತ್ತೆ ಬಳಕೆಗೆ ಬರುತ್ತದೆ ಅಂತ ಕೇಳುತ್ತಾರೆ. ಚಿಂದಿ ಪೂರ್ತಿ ಗುಜರಿಗೆ ಹೋಗುತ್ತದಲ್ವಾ, ಹಾಗಾಗಿ ಫಾರಂನಲ್ಲಿ '100% ರೀಸೈಕಲ್' ಅಂತ ತುಂಬಿಬಿಡುತ್ತಿದ್ದೆವು. ನನಗೆ ಇದು ತಪ್ಪು ಅನ್ನಿಸುತ್ತದೆ. ಬಿಳಿ ಹತ್ತಿ ಚಿಂದಿ ಬೇರೆಯಾಗಿದ್ದರೆ ಅದನ್ನು ಹರಿದು ಮತ್ತೆ ನೂಲು ಮಾಡಬಹುದು. ಹರಿಯುವಾಗ ಎಳೆ ಗಿಡ್ಡವಾಗುವುದರಿಂದ ಸ್ವಲ್ಪ ಹೊಸ ಹತ್ತಿ ಬೆರೆಸಬೇಕು, ಆದರೂ ಅದು ಬಟ್ಟೆಯಾಗಿ ವಾಪಸ್ ಬರುತ್ತದೆ. ಲೈಕ್ರಾ (ಹಿಗ್ಗುವ ಎಳೆ), ಪಾಲಿಯೆಸ್ಟರ್ ಎಲ್ಲ ಕಲಸಿಹೋದ ಮೂಟೆ ಹಾಸಿಗೆಯೊಳಗೆ ತುಂಬಲೋ ಮೆಷಿನ್ ಒರೆಸಲೋ ಹೋಗುತ್ತದೆ. ಎರಡಕ್ಕೂ ಒಂದೇ ಅಂಕಿ ಹಾಕಿದರೆ ಹೇಗೆ? ಬಟ್ಟೆಗೆಂದು ಬಳಸಿದ ವಸ್ತುವಿನಲ್ಲಿ ಮತ್ತೆ ಬಟ್ಟೆಯಾಗುವುದು 1%ಕ್ಕಿಂತ ಕಡಿಮೆ ಎಂದು ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2017ರಲ್ಲೇ ಹೇಳಿತ್ತು. ನಮ್ಮ ಫಾರಂ ನೋಡಿದರೆ ಯಾರಿಗಾದರೂ ಇದು ತಿಳಿಯುತ್ತಿತ್ತಾ?

ಜಗಳ ಮಾಡಿಯೇ ಕಟಿಂಗ್ ಟೇಬಲ್ ಪಕ್ಕ ಮೂರು ಮೂಟೆ ಇಡಿಸಿದೆ: ಬಿಳಿ ಹತ್ತಿ, ಬಣ್ಣದ ಹತ್ತಿ, ಮಿಕ್ಸ್. ಬೇರೆ ಮಾಡುವುದು ನಿಧಾನವಾಗುತ್ತದೆ ಅಂತ ಸೂಪರ್‌ವೈಸರ್‌ಗೆ ಚಿಂತೆಯಿತ್ತು. ಹೆಲ್ಪರ್ ಅಕ್ಕ ಒಂದು ತುಂಡು ಹಿಡಿದು ಎಳೆದು ತೋರಿಸಿದರು. "ಹಿಗ್ಗಿದ್ರೆ ಲೈಕ್ರಾ, ಮೇಡಂ. ಇದಕ್ಕೆ ಎಷ್ಟೊತ್ತು ಬೇಕು?" ಈಗ ಸಂಜೆ ಲೈನ್ ಎಫಿಶಿಯೆನ್ಸಿಯ ಕೆಳಗೆ ಮೂರೂ ಮೂಟೆಗಳ ತೂಕ ಬರೆಯುತ್ತೇನೆ. ನಿನ್ನೆ ಬಿಳಿ 41 ಕೆಜಿ, ಬಣ್ಣ 27, ಮಿಕ್ಸ್ 12.