ಒಂದು ಸೀಟಿಗೆ ಎಷ್ಟು ಮಂದಿ?

ವೈದ್ಯಕೀಯ ಕಷ್ಟವೋ, ಎಂಜಿನಿಯರಿಂಗ್ ಕಷ್ಟವೋ ಎಂಬ ಚರ್ಚೆಯಲ್ಲಿ ಅರ್ಜಿದಾರರ ಸಂಖ್ಯೆಯನ್ನು ಸೀಟುಗಳ ಸಂಖ್ಯೆಯಿಂದ ಭಾಗಿಸಿ ತೀರ್ಪು ಕೊಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಸುಮಾರು 24 ಲಕ್ಷ ವಿದ್ಯಾರ್ಥಿಗಳು ನೋಂದಾಯಿಸಿದ್ದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅದೇ ವರ್ಷ ಐಐಟಿಗಳ 17,740 ಸೀಟುಗಳಿಗೆ ಪ್ರವೇಶ ಪರೀಕ್ಷೆಯ ಎರಡನೇ ಹಂತವಾದ ಜೆಇಇ ಅಡ್ವಾನ್ಸ್ಡ್ ಬರೆಯುವ ಅರ್ಹತೆ ಸಿಕ್ಕಿದ್ದು ಸುಮಾರು ಎರಡೂವರೆ ಲಕ್ಷ ಮಂದಿಗೆ. ಮೇಲ್ನೋಟಕ್ಕೆ ನೀಟ್ ಹೆಚ್ಚು ಕಠಿಣವೆನಿಸಿದರೂ, ಆ ಎರಡೂವರೆ ಲಕ್ಷ ಮಂದಿ ಮೊದಲ ಹಂತದ ಜೆಇಇ ಮೇನ್ ಪರೀಕ್ಷೆ ಬರೆದ ಸುಮಾರು 14 ಲಕ್ಷ ಮಂದಿಯಲ್ಲಿ ಜರಡಿ ಹಿಡಿದು ಉಳಿದವರು ಎಂಬುದನ್ನು ಮರೆಯುವಂತಿಲ್ಲ.

ನೀಟ್‌ನ ಲೆಕ್ಕದಲ್ಲಿ ಅಡಗಿರುವುದು ಹಣ. ಸೀಟುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಖಾಸಗಿ ಕಾಲೇಜುಗಳವು. ಹಾಗಾಗಿ ಮಧ್ಯಮ ವರ್ಗದ ಮನೆಯ ವಿದ್ಯಾರ್ಥಿಯ ನಿಜವಾದ ಸ್ಪರ್ಧೆ ಸರ್ಕಾರಿ ಶುಲ್ಕದ ಸೀಟಿಗಾಗಿ ಮಾತ್ರ ನಡೆಯುತ್ತದೆ. ಉಳಿದವು ಅವನ ಪಾಲಿಗೆ ಇದ್ದೂ ಇಲ್ಲದಂತೆ.

ನಮ್ಮ ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿ ಅಂಕಗಳಿಗೂ ಅರ್ಧ ತೂಕವಿದೆ. ಇಲ್ಲಿ ಸೀಟು ಸಿಗುವುದು ಕಷ್ಟವಲ್ಲ, ಬೇಕಾದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದು ಕಷ್ಟ. ಕಾನೂನಿನಲ್ಲಿಯೂ ಹಾಗೆಯೇ: ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಕಾನೂನು ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನ ಮೇಲಿನ ರ‍್ಯಾಂಕುಗಳು ಬೇಕು, ಊರಿನ ಕಾನೂನು ಕಾಲೇಜಿಗೆ ಆ ಪೈಪೋಟಿಯಿಲ್ಲ.

ಲೆಕ್ಕಪರಿಶೋಧಕರ ಸಿಎ ಕೋರ್ಸ್ ಈ ಹೋಲಿಕೆಗೇ ಸಿಗದು. ಅಲ್ಲಿ ಸೀಟುಗಳ ಮಿತಿಯೇ ಇಲ್ಲ, ಸೋಸುವ ಕೆಲಸವೆಲ್ಲ ಒಳಗೆ ಹೋದ ಮೇಲಿನ ಪರೀಕ್ಷೆಗಳದು.