ಪಾರಂಪಳ್ಳಿಯ ಕುರುಡಿ ಮೀನು

ಮಲ್ಪೆ ಬೀಚು, ಸೇಂಟ್ ಮೇರೀಸ್ ದ್ವೀಪ ಎರಡನ್ನೂ ನೋಡಿದೆವು. ಜನವೋ ಜನ, ಸೆಲ್ಫಿಗೂ ಸಾಲು. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿಯಲ್ಲಿ ಕಳೆದ ಒಂದು ಬೆಳಿಗ್ಗೆ ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಅಲ್ಲಿ ಸೀತಾ ಹೊಳೆಯ ಹಿನ್ನೀರಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಬಿಡಬಹುದು. ಈ ಹೊಳೆ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ನದಿಯ ಜೊತೆ ಸಮುದ್ರ ಸೇರುತ್ತದೆ. ಹಾಗಾಗಿ ಇಲ್ಲಿ ದಿನಕ್ಕೆ ಎರಡು ಸಲ ಭರತ (ಉಬ್ಬರ), ಎರಡು ಸಲ ಇಳಿತ. ನಮಗೆ ಕಯಾಕ್ ಬಾಡಿಗೆಗೆ ಕೊಟ್ಟವನು ಇದನ್ನು ಹೇಳಲೇ ಇಲ್ಲ. ಅಮಾವಾಸ್ಯೆಯ ಮರುದಿನ, ನೀರು ಭರ್ರನೆ ಇಳಿಯುವ ಹೊತ್ತಿಗೆ ದುಡ್ಡು ಇಸಿದುಕೊಂಡು ಕಳಿಸಿಬಿಟ್ಟ. ಸಣ್ಣ ಕಾಲುವೆಯೊಳಗೆ ಕೆಸರಲ್ಲಿ ಕೂತುಬಿಟ್ಟೆವು. ಚಿಪ್ಪು ತಾಗಿ ನನ್ನ ಹೆಂಡತಿಯ ಕಾಲು ಕುಯ್ದುಹೋಯಿತು. ನೀವು ಹೋದರೆ ದುಡ್ಡು ಕೊಡುವ ಮೊದಲು ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿ. ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ಜಾಸ್ತಿ ಇಳಿಯುತ್ತದೆ. ಬರಿಗಾಲಲ್ಲಿ ಇಳಿಯಬೇಡಿ.

ನಮ್ಮನ್ನು ಎಳೆದು ಹಾಕಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಮಲ್ಪೆಯ ಬೋಟುಗಳಲ್ಲಿ ಕಲಾಸಿಯಾಗಿ (ಕೂಲಿ ಆಳಾಗಿ) ಸೇರಿ ತಾಂಡೇಲರಾದವರು, ಅಂದರೆ ಬೋಟು ನಡೆಸುವವರು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವಂತಿಲ್ಲ, ಈಗ ಆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಆಗೆಲ್ಲ ಮನೆ ನಡೆದದ್ದು ಪಾತಿ ಎನ್ನುವ ಸಣ್ಣ ದೋಣಿ ಮತ್ತು ಗಾಳದಿಂದ. ಬೋಟಿನ ಕೆಲಸ ಬಿಟ್ಟ ಮೇಲೆ ಗಾಳ ಒಂದೇ ಉಳಿದಿದೆ. ಕಯಾಕಲ್ಲಿ ಕೂತು ಗಾಳ ಹಾಕುವ ನನ್ನ ಆಸೆ ಹೇಳಿದೆ. "ನಾಳೆ ಬೆಳಿಗ್ಗೆ ಬನ್ನಿ ಮಾರಾಯ್ರೆ" ಅಂದರು.

ಪಕ್ಕದ ಮನೆ ಹುಡುಗನ ಇಬ್ಬರು ಕೂರುವ ಕಯಾಕು. ಅಜ್ಜ ಮುಂದೆ, ನಾನು ಹಿಂದೆ. ಅವರ ಹತ್ತಿರ ರಾಡ್ ಇಲ್ಲ, ಬಾಟಲಿಗೆ ಸುತ್ತಿದ ನೈಲಾನ್ ದಾರ, ಡಬ್ಬದಲ್ಲಿ ಜೀವಂತ ಚಟ್ಲಿ (ಸಿಗಡಿ). ನನ್ನ ಹುಟ್ಟು ಒಮ್ಮೆ ಕಯಾಕಿನ ಮೈಗೆ ಟಕ್ ಅಂತ ತಾಗಿತು. ಅಜ್ಜ ಕೈ ಎತ್ತಿದರು. "ಆ ಸದ್ದು ಮೀನಿಗೆ ಕೇಳುತ್ತೆ. ಇನ್ನು ನೀರೇ ನಮ್ಮನ್ನ ಕರ್ಕೊಂಡು ಹೋಗ್ಲಿ."

ಇಳಿತ ಆಗಷ್ಟೇ ಶುರುವಾಗಿತ್ತು. ಕಾಂಡ್ಲಾ ಬೇರುಗಳ ನಡುವಿಂದ ಕೆಂಪು ನೀರು ಹೊಳೆಗೆ ಬೀಳುವ ಜಾಗ ತೋರಿಸಿದರು. ಸಣ್ಣ ಮೀನು, ಚಟ್ಲಿ ಎಲ್ಲ ಆ ನೀರಲ್ಲೇ ಹೊರಗೆ ಬರುತ್ತವೆ, ಅವನ್ನು ತಿನ್ನಲು ಕುರುಡಿ ಮೀನು (ಇಂಗ್ಲಿಷಲ್ಲಿ ಸೀಬಾಸ್) ಅಲ್ಲೇ ಕಾದಿರುತ್ತದೆ. ದಾರ ತೋರುಬೆರಳ ಮೇಲೆ. ಸ್ವಲ್ಪ ಅಲುಗಿತು. "ಏಡಿ" ಅಂದರು. ಎಳೆದರೆ ಏಡಿಯೇ! ಆಮೇಲೆ ದಾರ ಸರ್ರನೆ ಹೋಯಿತು. ಕಯಾಕಿನ ಮೂತಿಯೇ ಆ ಕಡೆ ತಿರುಗಿತು, ಮೀನು ನಮ್ಮನ್ನು ಎಳೆಯುತ್ತಿತ್ತು. ಅಜ್ಜ ದಾರ ಬಿಡುತ್ತಾ, ಹಿಡಿಯುತ್ತಾ ಕೂತಲ್ಲೇ ಇದ್ದರು. ಕುರುಡಿ ನೀರಿಂದ ಮೇಲೆ ಹಾರಿ ತಲೆ ಕೊಡವಿತು. ಕೊನೆಗೆ ಕೆಳದುಟಿಯೊಳಗೆ ಹೆಬ್ಬೆರಳು ಹಾಕಿ ಎತ್ತಿದರು. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಚೂಪು. ಅದು ಕೊಯ್ದ ಹಳೇ ಗಾಯ ಅವರ ಅಂಗೈಯಲ್ಲಿ ಉದ್ದಕ್ಕೆ ಇತ್ತು.

ಮೀನು ಸುಮಾರು ಒಂದು ಮೊಳ. "ಇದು ಗಂಡಿರಬೇಕು" ಅಂದೆ. ಕುರುಡಿ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷದ ಮೇಲೆ ಹೆಣ್ಣಾಗುತ್ತದೆ ಅಂತ ಓದಿದ್ದೆ. ಹೇಳಿದೆ. ಅಜ್ಜ ಗಾಳ ಹಾಕುವುದನ್ನೇ ನಿಲ್ಲಿಸಿದರು.

"ಹೌದಾ? ದೊಡ್ಡ ಕುರುಡಿಯಲ್ಲಿ ನಾನು ಗಂಡು ಕಂಡದ್ದೇ ಇಲ್ಲೆ. ಕೊಯ್ದರೆ ಮೊಟ್ಟೆಯೇ. ಗಂಡೆಲ್ಲ ಎಲ್ಲಿಗೆ ಹೋಗ್ತವೆ ಅಂತ ಯೋಚನೆ ಮಾಡ್ತಿದ್ದೆ ಕಾಣಿ."

ಎಷ್ಟು ದೊಡ್ಡದಾದಾಗ ಬದಲಾಗುತ್ತದೆ ಅಂತ ಕೇಳಿದರು. ಸಾಮಾನ್ಯವಾಗಿ 80 ಸೆಂಟಿಮೀಟರಿನ ಆಸುಪಾಸಿನಲ್ಲಿ ಅಂದೆ. ತಮ್ಮ ತೋಳಿನ ಮೇಲೆ ಅಳೆದುಕೊಂಡರು, ಬೆರಳ ತುದಿಯಿಂದ ಹೆಗಲವರೆಗೆ. "ಹಾಗಾದ್ರೆ ದೊಡ್ಡದನ್ನೇ ಹಿಡೀತಾ ಹೋದ್ರೆ ಮೊಟ್ಟೆ ಇಡುವವರು ಯಾರು?" ಅಂದರು. ಹೌದು, ಅದೇ ತೊಂದರೆ ಅಂದೆ. ತಾವು ಹಿಡಿದ ದೊಡ್ಡ ಕುರುಡಿಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡರು. ಯಾವ ಕಾಲುವೆ, ಯಾವ ತಿಂಗಳು, ಯಾರಿಗೆ ಮಾರಿದ್ದು, ಎಲ್ಲವೂ ನೆನಪಿತ್ತು. ಬಿಸಿಲೇರಿತು, ಮತ್ತೆ ಗಾಳ ಹಾಕಲಿಲ್ಲ.

ದಡಕ್ಕೆ ಬಂದವರೇ ಅಂಗಳದಿಂದಲೇ ಅಜ್ಜಿಯನ್ನು ಕೂಗಿ ವಿಷಯ ಹೇಳಿದರು. ಅಜ್ಜಿ ಕತ್ತಿಮಣೆ ತಂದಿಟ್ಟುಕೊಂಡು ಕೂತರು. "ಹಿಡಿದದ್ದು ನೀವು, ಕೊಯ್ದದ್ದು ನಾನು. ಸಣ್ಣದರಲ್ಲಿ ಮೊಟ್ಟೆ ಇಲ್ಲೆ ಅಂತ ಮದುವೆಯಾಗಿ ಬಂದ ವರ್ಷವೇ ಹೇಳಿದ್ದೆ" ಅಂದರು.