ನೀರಿನ ಯೋಜನೆ ಹಸ್ತಾಂತರ: ಪಂಚಾಯಿತಿ ಸಹಿ ಹಾಕುವ ಮುನ್ನ

ಗ್ರಾಮದ ಕುಡಿಯುವ ನೀರಿನ ಕಾಮಗಾರಿಯ ಪ್ರಗತಿ ಪರಿಶೀಲನೆಯಲ್ಲಿ ಎಲ್ಲರ ಕಣ್ಣು ಹೋಗುವುದು ಒಂದೇ ಅಂಕಿಯ ಮೇಲೆ: ಎಷ್ಟು ಮನೆಗೆ ನಲ್ಲಿ ಹಾಕಿಸಿದಿರಿ? 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಮಾತು ಕೊಟ್ಟದ್ದು ನಲ್ಲಿಯನ್ನಷ್ಟೇ ಅಲ್ಲ. ತಲೆಗೆ ದಿನಕ್ಕೆ 55 ಲೀಟರ್, ನಿಗದಿತ ಗುಣಮಟ್ಟದ ನೀರು, ತಪ್ಪದೆ ಬರಬೇಕು ಎಂಬುದು ಅದರ ಗುರಿ. ಈ ಮೂರೂ ನಿಜವಾಗಿವೆಯೇ ಎಂದು ಕೇಳುವ ಅಧಿಕಾರ ಪಂಚಾಯಿತಿಯ ಕೈಯಲ್ಲಿ ಗಟ್ಟಿಯಾಗಿ ಇರುವುದು ಕಾಮಗಾರಿಯನ್ನು ಪಂಚಾಯಿತಿಗೆ ಒಪ್ಪಿಸುವ ಹಸ್ತಾಂತರ ಪತ್ರಕ್ಕೆ ಸಹಿ ಬೀಳುವವರೆಗೆ ಮಾತ್ರ. ಆಮೇಲೆ ಮೋಟಾರ್ ಸುಟ್ಟರೂ, ಪೈಪ್ ಒಡೆದರೂ ಜನ ಬರುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿಗೆ.

ಮೊದಲು ಕೂತು ಮಾಡಬೇಕಾದ್ದು ಪಂಪಿಂಗ್ ಗಂಟೆಯ ಲೆಕ್ಕ. 400 ಮನೆ, 2,000 ಜನರ ಊರು ಎಂದಿಟ್ಟುಕೊಳ್ಳಿ. ದಿನಕ್ಕೆ 1,10,000 ಲೀಟರ್ ಬೇಕು. ಸೋರಿಕೆ ಸೇರಿಸಿದರೆ 1,30,000 ಎತ್ತಬೇಕು. ಬೋರ್‌ವೆಲ್ ಗಂಟೆಗೆ 10,000 ಲೀಟರ್ ಕೊಡುತ್ತದೆ ಎಂದರೆ ಮೋಟಾರ್ 13 ಗಂಟೆ ಓಡಬೇಕು. ಈಗ ಆ ಬೋರ್‌ವೆಲ್ ಯಾವ ಫೀಡರ್, ಅಂದರೆ ಯಾವ ವಿದ್ಯುತ್ ಲೈನ್, ಮೇಲಿದೆ ನೋಡಿ. ಊರಿನ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರ್ ಆದರೆ ಸರಿ. ನೀರು ಸಿಕ್ಕಿದ್ದು ಹೊಲದಲ್ಲಿ, ಸಂಪರ್ಕ ಕೊಟ್ಟಿದ್ದು ಪಂಪ್‌ಸೆಟ್ ಫೀಡರ್‌ನಿಂದ ಎಂದಾದರೆ ಸಿಗುವ ತ್ರೀಫೇಸ್ ಸಾಮಾನ್ಯವಾಗಿ 7 ಗಂಟೆ. ಅಂದರೆ 70,000 ಲೀಟರ್, ಬೇಕಾದುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಪೈಪ್, ಟ್ಯಾಂಕ್, ನಲ್ಲಿ ಎಲ್ಲ ಸರಿಯಿದ್ದೂ ಊರಿಗೆ ನೀರು ಸಾಲದ ಕಾರಣ ಹೀಗೆ ಒಂದು ವಿದ್ಯುತ್ ಲೈನಿನಲ್ಲಿ ಅಡಗಿರುತ್ತದೆ. ಲೈನ್ ಬದಲಿಸುವುದು ಅಂದಾಜು ಪಟ್ಟಿಯಲ್ಲಿ ಬರಬೇಕಾದ ಖರ್ಚು. ಹಸ್ತಾಂತರವಾದ ಮೇಲೆ ಅದನ್ನು ಹೊರಲು ಯಾರೂ ಮುಂದೆ ಬರುವುದಿಲ್ಲ.

ಆ 10,000 ಲೀಟರ್ ಎಂಬ ಅಂಕಿಯನ್ನು ಯಾವ ತಿಂಗಳಲ್ಲಿ ಅಳೆದರು ಎಂಬುದನ್ನೂ ಕೇಳಿ. ಮಳೆಗಾಲ ಮುಗಿದ ನವೆಂಬರಿನ ಇಳುವರಿ ಏಪ್ರಿಲ್‌ನಲ್ಲಿ ಇರುವುದಿಲ್ಲ. ಬೇಸಿಗೆಯ ಅಳತೆ ಇಲ್ಲದಿದ್ದರೆ ಎರಡನೇ ಜಲಮೂಲ ಯಾವುದು ಎಂಬ ಉತ್ತರ ಕಾಗದದ ಮೇಲೆ ಬೇಕು.

ಪ್ರಾಯೋಗಿಕವಾಗಿ ನೀರು ಬಿಟ್ಟು ನೋಡುವ ದಿನಗಳಲ್ಲಿ ಟ್ಯಾಂಕ್ ಪಕ್ಕದ ಮನೆಯ ನಲ್ಲಿ ತಿರುಗಿಸಿ ಫೋಟೊ ತೆಗೆದುಕೊಂಡು ಹೋಗುವುದು ಪರೀಕ್ಷೆಯಲ್ಲ. ಲೈನಿನ ಕೊನೆಯ ಮನೆ, ಎತ್ತರದ ಕೇರಿ, ಊರಾಚೆಯ ಕಾಲೊನಿಗೆ ಹೋಗಿ. ಬೇಕಾದುದು 20 ಲೀಟರ್ ಬಕೆಟ್ ಮತ್ತು ಮೊಬೈಲ್ ಗಡಿಯಾರ ಅಷ್ಟೆ. ಐದು ಜನರ ಮನೆಗೆ 275 ಲೀಟರ್ ಬೇಕು. ದಿನಕ್ಕೆ ಒಂದು ಗಂಟೆ ನೀರು ಬಿಡುವ ಊರಾದರೆ ಬಕೆಟ್ 4 ನಿಮಿಷ 20 ಸೆಕೆಂಡಿನೊಳಗೆ ತುಂಬಬೇಕು. ಎರಡು ಗಂಟೆ ಬಿಟ್ಟರೆ 8 ನಿಮಿಷ 40 ಸೆಕೆಂಡು ಸಾಕು. ಎಲ್ಲ ಮನೆಯವರೂ ನೀರು ಹಿಡಿಯುತ್ತಿರುವ ಹೊತ್ತಿನಲ್ಲೇ ಅಳೆಯಬೇಕು, ಬೇರೆ ಹೊತ್ತಿನ ಅಳತೆಗೆ ಬೆಲೆಯಿಲ್ಲ. ಕೊನೆಯ ಮನೆಗೆ ನೀರು ಏರದಿದ್ದರೆ ಕಾರಣ ಹೆಚ್ಚಾಗಿ ಮೂರರಲ್ಲೊಂದು: ಕೇರಿವಾರು ಗೇಟ್ ವಾಲ್ವ್ ಹಾಕಿಲ್ಲ, ಹಳೆಯ ಲೈನನ್ನು ಹೊಸದಕ್ಕೆ ಹಾಗೇ ಜೋಡಿಸಿದ್ದಾರೆ, ಅಥವಾ ಮುಂದಿನ ಮನೆಗಳವರು ನಲ್ಲಿಗೇ ಸಣ್ಣ ಮೋಟಾರ್ ಹಚ್ಚಿದ್ದಾರೆ. ಮೊದಲಿನ ಎರಡು ಗುತ್ತಿಗೆದಾರರು ಸರಿಪಡಿಸಬೇಕಾದ್ದು. ಮೂರನೆಯದನ್ನು ಗ್ರಾಮ ಸಭೆಯೇ ನಿಲ್ಲಿಸಬೇಕು, ಇಂಜಿನಿಯರ್ ಕೈಲಾಗದು.

ಕಾಗದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮೀಟರಿನ ಆರ್‌ಆರ್ ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ. ಅದು ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟಿದೆ ಎಂದು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಯಲ್ಲಿ ವಿಚಾರಿಸಿ, ಬಾಕಿ ಶೂನ್ಯ ಎಂಬ ಪತ್ರ ಪಡೆಯಿರಿ. ಇಲ್ಲವಾದರೆ ಕಾಮಗಾರಿ ಕಾಲದ ಬಿಲ್ಲೂ ಪಂಚಾಯಿತಿಯ ತಲೆಗೆ ಬರುತ್ತದೆ. ನಂತರ ಪೈಪ್‌ಲೈನ್ ನಕ್ಷೆ. ಕಚೇರಿಯಲ್ಲಿ ಕೂತು ಬರೆದ ವಿನ್ಯಾಸದ ನಕ್ಷೆ ಬೇಡ, ನಿಜವಾಗಿ ಹೂತ ದಾರಿಯದ್ದು ಬೇಕು. ಪ್ರತಿ ವಾಲ್ವ್ ಎರಡು ಗೋಡೆಯ ಮೂಲೆಗಳಿಂದ ಎಷ್ಟು ಅಡಿ ದೂರ ಎಂದು ಅದರಲ್ಲಿ ಗುರುತಿರಲಿ. ಮೋಟಾರ್ ಎಷ್ಟು ಅಡಿಗೆ ಇಳಿಸಿದ್ದಾರೆ, ಎಷ್ಟು ಪೈಪ್ ಹೋಗಿದೆ, ಕೇಬಲ್ ಉದ್ದ ಎಷ್ಟು ಎಂಬುದು ನೀರುಗಂಟಿಯ ಪುಸ್ತಕದಲ್ಲೂ ಇರಬೇಕು. ರಾತ್ರಿ ಮೋಟಾರ್ ಎತ್ತಬೇಕಾದಾಗ ನೆರವಿಗೆ ಬರುವುದು ಆ ಪುಸ್ತಕ.

ಕ್ಲೋರಿನ್ ವಿಷಯವನ್ನು ‘ಒಂದು ಬೊಗಸೆ ಹಾಕು’ ಎಂದು ಬಿಡಬೇಡಿ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪುಡಿಯಲ್ಲಿ ಶೇ 25 ಕ್ಲೋರಿನ್ ಉಳಿದಿದ್ದರೆ ಅದು 400 ಗ್ರಾಂ ಪುಡಿ. ಬಾಯಿ ತೆರೆದಿಟ್ಟ ಚೀಲದ ಪುಡಿ ವಾರ ವಾರಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಸಣ್ಣ ಪ್ಯಾಕೆಟ್ ಕೊಳ್ಳುವುದು ಮೇಲು. ಬಕೆಟ್‌ನಲ್ಲಿ ಕರಗಿಸಿ, ಗಸಿ ಕೂರಲು ಬಿಟ್ಟು, ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಅರ್ಧ ಗಂಟೆಯಾದ ಮೇಲೆ ನೀರು ಬಿಟ್ಟು, ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದೆಯೇ ನೋಡಬೇಕು. ಫ್ಲೋರೈಡ್ ಇರುವ ಊರಿನವರಿಗೆ ಸ್ಪಷ್ಟವಾಗಿ ಹೇಳಿ: ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕ್ಲೋರಿನ್ ಸರಿಮಾಡದು, ಕುದಿಸುವುದೂ ಸರಿಮಾಡದು.

ಇನ್ನು ದುಡ್ಡು. 7.5 ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು 7 ಯೂನಿಟ್ ಎಳೆದರೆ, 13 ಗಂಟೆಯಂತೆ ತಿಂಗಳಿಗೆ 2,730 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 16,380. ನೀರುಗಂಟಿಗೆ 15,000, ಪುಡಿ ಮತ್ತು ಪರೀಕ್ಷೆಗೆ 1,000, ರಿಪೇರಿ ನಿಧಿಗೆ 6,000 ಎಂದು ಸೇರಿಸಿದರೆ ಒಟ್ಟು 38,380, ಮನೆಗೆ 96 ರೂಪಾಯಿ. ದರಗಳು ನಿಮ್ಮ ಊರಿನವೇ ಇರಲಿ, ಲೆಕ್ಕದ ದಾರಿ ಇದೇ. ನೂರಕ್ಕೆ ಅರವತ್ತು ಮನೆಯವರು ಮಾತ್ರ ನೀರಿನ ಕಂದಾಯ ಕಟ್ಟಿದರೆ ತಿಂಗಳಿಗೆ 15,000ಕ್ಕೂ ಹೆಚ್ಚು ಕೊರತೆ. ಆ ಕೊರತೆ ಎಲ್ಲಿಂದ ತುಂಬುತ್ತದೆ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯದ ಪಂಚಾಯಿತಿ ಮೊದಲು ಕೈಬಿಡುವುದು ರಿಪೇರಿ ನಿಧಿಯನ್ನು. ಜನರಿಂದ ಸಮುದಾಯ ವಂತಿಕೆ ಕೇಳುವ ಸಭೆಯಲ್ಲೇ ಈ ತಿಂಗಳ ಖರ್ಚನ್ನೂ ಓದಿ ಹೇಳುವುದು ಒಳ್ಳೆಯದು. ಲೆಕ್ಕ ಗೊತ್ತಿರುವವರು ಕಂದಾಯ ಕಟ್ಟಲು ಅಷ್ಟಾಗಿ ತಕರಾರು ಮಾಡುವುದಿಲ್ಲ.

ಅಗೆದ ರಸ್ತೆ ಮುಚ್ಚಿಲ್ಲ, ಪೈಪ್ ಒಂದಡಿ ಆಳದಲ್ಲಷ್ಟೇ ಇದೆ, ವಾಲ್ವ್ ಗುಂಡಿಗೆ ಮುಚ್ಚಳವಿಲ್ಲ ಎಂಬುದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ನಾಲ್ಕಾರು ಕಡೆ ಅಗೆಸಿ, ಅಳತೆ ಪಟ್ಟಿ ಇಟ್ಟು ಫೋಟೊ ತೆಗೆಸಿ. ಬಾಕಿ ಕೆಲಸದ ಪಟ್ಟಿಯನ್ನು ಹಸ್ತಾಂತರ ಪತ್ರಕ್ಕೇ ಲಗತ್ತಿಸಿ, ಪ್ರತಿಯೊಂದಕ್ಕೂ ಮುಗಿಸುವ ದಿನಾಂಕ ಬರೆಸಿ, ಪ್ರತಿಯನ್ನು ಕಿರಿಯ ಇಂಜಿನಿಯರ್ (ಜೆಇ) ಮತ್ತು ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ಎಇಇ) ಇಬ್ಬರಿಗೂ ಕಳಿಸಿ ಸ್ವೀಕೃತಿ ಪಡೆಯಿರಿ. ಅಂತಿಮ ಬಿಲ್ ಹೋಗುವ ಮುನ್ನ ಆ ಸ್ವೀಕೃತಿ ಕಡತದಲ್ಲಿರಬೇಕು.